ಚಟಾಕುವಿನ ಹೊಟ್ಟೆ, ಮೇಡಂ ಅವರ ಗೋಡೆ

"ಬರೋ ಭಾನುವಾರದೊಳಗೆ ಈ ಮರಿ ಹೊಟ್ಟೆ ನೆಟ್ಟಗೆ ಮಾಡ್ಲಿಲ್ಲ ಅಂದ್ರೆ ನನಗೆ ಬೇರೆ ಹೆಸರಿಡಿ!"

ಹೀಗೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೌಟನ್ನು ಖಡ್ಗದಂತೆ ಮೇಲೆತ್ತಿ ಪ್ರತಿಜ್ಞೆ ಮಾಡಿದೆ. ಅದನ್ನು ಕೇಳಲು ದೊಡ್ಡ ಸಭೆಯೇನೂ ನೆರೆದಿರಲಿಲ್ಲ. ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಕೊಕ್ಕರೆಯಂತೆ ಗಾಳಿಯಲ್ಲಿ ಎತ್ತಿ ಹಿಡಿದಿದ್ದ ನಮ್ಮನೆಯವರು, ಆ ಕಾಲನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ ನಮ್ಮ ಅತ್ತೆ, ಮತ್ತು ಈ ಎಲ್ಲಕ್ಕೂ ಮೂಲಕಾರಣವಾದ ಚಟಾಕು ಎಂಬ ಬೆಕ್ಕಿನ ಮರಿ.

"ಹೆಸರು ಆಮೇಲೆ ಇಡೋಣ. ಮೊದಲು ನೀರು ಕೊಡು, ಕಾಲು ತೊಳ್ಕೋಬೇಕು" ಎಂದರು ನಮ್ಮನೆಯವರು.

ಆದದ್ದಿಷ್ಟೆ. ಚಟಾಕು ಅವರ ಬೂಟಿನೊಳಗೆ ತನ್ನ ಹೊಟ್ಟೆಯ ಭಾರ ಇಳಿಸಿ ಹಗುರಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬೂಟಿನ ಹತ್ತಿರ ಬರುವಾಗಲೇ ಮೂಗು ಎಚ್ಚರಿಸುತ್ತಿತ್ತು. ಆದರೆ ನಮ್ಮನೆಯವರು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ಟರ್ಪೆಂಟೈನು, ವಾರ್ನಿಶುಗಳ ನಡುವೆ ದುಡಿದೂ ದುಡಿದೂ ಅವರ ಮೂಗು ಅವರಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದೆ. ಹಾಗಾಗಿ ವಿಷಯವನ್ನು ಮೂಗು ಹೇಳಲಿಲ್ಲ, ಕಾಲೇ ಹೇಳಬೇಕಾಯಿತು.

ಈ ಮರಿ ನಮ್ಮ ಮನೆಗೆ ಬಂದದ್ದು ಬಚ್ಚಲಿನ ಕಿಟಕಿಯಿಂದ. ಅಂಗೈಯಲ್ಲಿ ಹಿಡಿದರೆ ಬಾಲವಷ್ಟೇ ಹೊರಗೆ ಉಳಿಯುವಷ್ಟು ಸಣ್ಣದು. "ಇದೇನೇ ಇದು, ಚಟಾಕಿನಷ್ಟೂ ಇಲ್ವಲ್ಲ!" ಎಂದು ಅತ್ತೆ ತಮ್ಮ ಕಾಲದ ಪುಟ್ಟ ತೂಕದ ಲೆಕ್ಕದಲ್ಲಿ ಉದ್ಗರಿಸಿದ್ದೇ ಅದರ ನಾಮಕರಣವಾಯಿತು. ದೇವರೇ ಕಳಿಸಿದ ಅತಿಥಿ ಎಂದು ನಾನು ಎತ್ತಿಕೊಂಡೆ. ನನ್ನ ಓದೆಲ್ಲ ಮನೆಯಲ್ಲೇ ಕೂತು ಕೈಗೆ ಸಿಕ್ಕಿದ್ದನ್ನು ಓದಿದ್ದು. ಆ ಪುಸ್ತಕಗಳ ಚಿತ್ರಗಳಲ್ಲೆಲ್ಲ ಬೆಕ್ಕಿದ್ದರೆ ಪಕ್ಕದಲ್ಲೊಂದು ಹಾಲಿನ ಬಟ್ಟಲು ಇದ್ದೇ ಇರುತ್ತಿತ್ತು. ಅಷ್ಟು ಪುಸ್ತಕಗಳು ಒಟ್ಟಾಗಿ ಸುಳ್ಳು ಹೇಳುತ್ತವೆಯೇ? ಬೆಳಿಗ್ಗೆ ಹಾಲು ಕೊಟ್ಟೆ. ಮಧ್ಯಾಹ್ನ ಕೆನೆ ಕೊಟ್ಟೆ. ಸಂಜೆ, ಪಾಪ, ಬೆಳಿಗ್ಗೆಯಿಂದ ಬರೀ ಹಾಲಿನ ಮೇಲಿದೆಯಲ್ಲ ಎಂದು ಇನ್ನಷ್ಟು ಹಾಲು ಕೊಟ್ಟೆ. ಮೇಲಿನಿಂದ ಬಿಳಿಯಾಗಿ ಹೋದದ್ದು ಕೆಳಗಿನಿಂದ ಕಂದು ಬಣ್ಣವಾಗಿ, ಹೋದದ್ದಕ್ಕಿಂತ ಹೆಚ್ಚು ವೇಗದಲ್ಲಿ ವಾಪಸು ಬರತೊಡಗಿತು. ಕಾಲೊರಸಿನ ಮೇಲೆ, ಕುರ್ಚಿಯ ಕೆಳಗೆ, ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ! ಕೊನೆಗೆ ಬೂಟು.

ಕಾಲು ತೊಳೆದು ಬಂದ ನಮ್ಮನೆಯವರು ತೀರ್ಪು ಓದಿದರು.

"ಕೇಳಿಲ್ಲಿ. ಭಾನುವಾರದವರೆಗೆ ಟೈಮು. ಗಟ್ಟಿಯಾದ್ರೆ ಇರ್ಲಿ. ಇಲ್ಲಾಂದ್ರೆ ಸೋಮವಾರ ನಮ್ಮಂಗಡಿ ಗೋದಾಮಿಗೆ. ಅಲ್ಲಿ ಇಲಿ ಬೇಕಾದಷ್ಟಿವೆ, ಹಿಡ್ಕೊಂಡು ತಿನ್ಲಿ."

"ಆ ಇಲಿಗಳನ್ನ ನಾನೂ ನೋಡಿದೀನಿ ರೀ. ಇದು ಅವುಗಳನ್ನ ಹಿಡಿಯಲ್ಲ, ಅವೇ ಇದನ್ನ ಹಿಡ್ಕೊಂಡು ಹೋಗ್ತವೆ!"

"ಹಾಗಾದ್ರೆ ಹೊಟ್ಟೆ ಗಟ್ಟಿ ಮಾಡು."

ಕಿಟಕಿಯೇ ಇಲ್ಲದ ಆ ಗೋದಾಮು, ಡಬ್ಬಿಗಳ ಗೋಪುರ, ಕಣ್ಣುರಿಯುವ ವಾಸನೆ, ಅದರ ನಡುವೆ ಅಂಗೈಯಗಲದ ಈ ಜೀವ. ನೆನೆದೇ ನನ್ನ ಹೊಟ್ಟೆ ಕಲಕಿತು. ಮನೆಯಲ್ಲಿ ಒಂದು ಹೊಟ್ಟೆ ಕೆಟ್ಟಿದ್ದು ಸಾಲದೆ! ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ನೇರ ಪಶುವೈದ್ಯೆಯ ಬಳಿಗೆ ಓಡಿದೆ.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಮರಿಯ ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು ನೋಡಿದರು. ತುಟಿ ಬಿಡಿಸಿ ಒಸಡು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏನು ತಿನ್ನಿಸ್ತಿದೀರಿ?"

"ಹಾಲು."

"ಮತ್ತೆ?"

"ಕೆನೆ."

"ಮತ್ತೆ?"

"ಬೆಣ್ಣೆ... ಒಂಚೂರು. ಕೂದಲು ಹೊಳೀಲಿ ಅಂತ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಬೆಕ್ಕಿನ ಮರಿ ಅಮ್ಮಾ. ಡೈರಿ ಅಲ್ಲ."

"ಹಾಗಾದ್ರೆ ಒಂದಿನ ಉಪವಾಸ ಕೆಡವಿಬಿಡ್ಲಾ ಡಾಕ್ಟ್ರೇ?"

"ಅಯ್ಯೋ, ಆ ಪುಣ್ಯ ಬೇರೆ ಕಟ್ಕೋಬೇಡಿ! ಇಷ್ಟು ಸಣ್ಣ ಮರಿನ ಹಸಿವಲ್ಲಿ ಇಡಬಾರದು. ಹಾಲು ಪೂರ್ತಿ ಬಂದ್. ಬರೀ ನೀರಲ್ಲಿ ಬೇಯಿಸಿದ ಕೋಳಿಮಾಂಸ, ಮೂಳೆ ಇರಬಾರದು, ಉಪ್ಪು ಇಲ್ಲ, ಎಣ್ಣೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಸೋಕಲೂಬಾರದು. ಅದಕ್ಕೆ ಇಷ್ಟೇ ಇಷ್ಟು ಬೇಯಿಸಿ ಹಿಸುಕಿದ ಕುಂಬಳಕಾಯಿ. ಸ್ವಲ್ಪ ಸ್ವಲ್ಪವಾಗಿ, ಆಗಾಗ. ಕುಡಿಯೋ ನೀರು ಯಾವಾಗ್ಲೂ ಪಕ್ಕದಲ್ಲಿರಲಿ. ಆಟ ಆಡ್ತಿದೆ, ಅದೊಂದು ಸಮಾಧಾನ. ಮಂಕಾಗಿ ಮಲಗಿದ್ರೆ, ವಾಂತಿ ಆದ್ರೆ, ರಕ್ತ ಕಂಡ್ರೆ ತಕ್ಷಣ ಎತ್ಕೊಂಡು ಬನ್ನಿ. ಹುಳು ಇದೆಯಾ ನೋಡ್ಬೇಕು. ನಾಳೆ ಬೆಳಿಗ್ಗೆ ಇದರ ಮಲದ ಮಾದರಿ ತನ್ನಿ. ಮುಚ್ಚಳ ಬಿಗಿಯಾಗಿರೋ ಚಿಕ್ಕ ಡಬ್ಬೀಲಿ."

ಮನೆಗೆ ಬಂದವಳೇ ಕೋಳಿ ಬೇಯಲಿಟ್ಟೆ. ಓದುಗರೇ, ಇದೆಷ್ಟು ದೊಡ್ಡ ತಪಸ್ಸೆಂದು ನಿಮಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮೆಣಸಿನಕಾಯಿ ಬೀಳದೆ ನೀರೂ ಕುದಿಯುವುದಿಲ್ಲ! ನನ್ನ ಬಲಗೈ ತಾನೇ ತಾನಾಗಿ ಮಸಾಲೆ ಡಬ್ಬಿಯ ಕಡೆ ಹೋಗುತ್ತಿತ್ತು, ಎಡಗೈ ಅದನ್ನು ಹಿಡಿದು ಎಳೆಯುತ್ತಿತ್ತು. ಬೆಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಕುಂಬಳಕಾಯಿ ಬೆರೆಸಿ, ಬಟ್ಟಲಿಗೆ ತುಂಬಿ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿಟ್ಟೆ. ಬಿಳುಚಿಕೊಂಡು, ಮುಖವೇ ಇಲ್ಲದಂತಿದ್ದ ಆ ಅಡುಗೆಯನ್ನು ನೋಡಿ ನನಗೇ ನಾಚಿಕೆಯಾಯಿತು. ಚಟಾಕು ಮಾತ್ರ ಚಮಚದಷ್ಟು ಬಡಿಸಿದ್ದನ್ನು ನೆಕ್ಕಿ, ತಟ್ಟೆಯನ್ನೂ ನೆಕ್ಕಿ, ನನ್ನ ಬೆರಳನ್ನೂ ನೆಕ್ಕಿತು. ಹೊತ್ತು ಹೊತ್ತಿಗೆ ಬಡಿಸುವ ಕೆಲಸವನ್ನು ಅತ್ತೆಯೂ ಹಂಚಿಕೊಂಡರು. ಬೆಳಿಗ್ಗೆ ತುಂಬಿದ ಬಟ್ಟಲು ಸಂಜೆಗೆ ಖಾಲಿ! "ಎಂಥ ಹಸಿವು ಬಂದುಬಿಡ್ತು ನೋಡಿ ಇದಕ್ಕೆ!" ಎಂದು ನಾನು ಹಿಗ್ಗಿ, ಮಾರನೆಯ ದಿನಕ್ಕೆ ಇನ್ನೂ ಹೆಚ್ಚು ಬೇಯಿಸಿದೆ.

ಇನ್ನು ಆ ಡಬ್ಬಿಯ ವಿಷಯ. ಅಲ್ಲೇ ನನ್ನ ಗ್ರಹಚಾರ ಕೂತಿತ್ತು.

ನಮ್ಮನೆಯವರಿಗೆ ಕೆಲಸದಲ್ಲಿ ಒಂದು ನಿಷ್ಠೆಯಿದೆ. ಕಾಗದದ ಮೇಲಿನ ಬಣ್ಣ ತೋರಿಸಿ ಗಿರಾಕಿಯನ್ನು ಒಪ್ಪಿಸುವುದು ಮೋಸ ಎನ್ನುತ್ತಾರೆ. "ಬಣ್ಣ ಗೋಡೆ ಮೇಲೆ ನಿಂತು ತಾನೇ ಮಾತಾಡಬೇಕು" ಎಂಬುದು ಅವರ ಸಿದ್ಧಾಂತ. ಹಾಗಾಗಿ ಹೊಸ ಬಣ್ಣ ಬೆರೆಸಿದಾಗಲೆಲ್ಲ ಪುಟ್ಟ ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು, ತಾವೇ ಗಿರಾಕಿಯ ಮನೆಗೆ ಹೋಗಿ, ಗೋಡೆಯ ಮೇಲೆ ಅಂಗೈಯಗಲ ಬಳಿದು ತೋರಿಸುತ್ತಾರೆ. ಅಂಥ ಖಾಲಿ ಡಬ್ಬಿಗಳು ನಮ್ಮ ಮನೆಯಲ್ಲಿ ಬೇಕಾದಷ್ಟು. ಮುಚ್ಚಳವಂತೂ ನಾಣ್ಯ ಹಾಕಿ ಮೀಟದೆ ತೆರೆಯುವುದಿಲ್ಲ. ಡಾಕ್ಟರಮ್ಮ ಕೇಳಿದ್ದು ಇಂಥದ್ದನ್ನೇ ಅಲ್ಲವೇ?

ಆ ದಿನಗಳಲ್ಲಿ ನಮ್ಮನೆಯವರ ನಿದ್ದೆ ಕೆಡಿಸಿದ್ದವರು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಊರಿಗೆಲ್ಲ ಅವರು ಮೇಡಂ. ಮುಂದಿನ ಕೋಣೆಯ ಗೋಡೆಗೆ ಕಂದು ಬಣ್ಣ ಬೇಕೆಂದು ಹೇಳಿದ್ದರು. ಇವರು ಒಯ್ದ ಕಂದುಗಳನ್ನೆಲ್ಲ ತಿರಸ್ಕರಿಸಿದ್ದರು. ಒಂದು ಸಪ್ಪೆ, ಒಂದು ಗಡಸು, ಒಂದು "ಅಳುಮುಂಜಿ". "ಇನ್ನೊಂದ್ಸಲ ಬೇಡ ಅಂದ್ರೆ ಮಾಲೀಕರು ಆ ಕೆಲಸನ ಇನ್ನೊಬ್ಬನಿಗೆ ಕೊಡ್ತಾರಂತೆ" ಎಂದು ಇವರು ಒಳಗೊಳಗೇ ಕುದಿಯುತ್ತಿದ್ದರು. ಅವತ್ತು ಸಂಜೆಯೂ ಒಂದು ಹೊಸ ಕಂದನ್ನು ಬೆರೆಸಿ, ಅಂಥದೇ ಡಬ್ಬಿಯಲ್ಲಿ ತಂದು, ಬೆಳಿಗ್ಗೆ ಮರೆಯದಿರಲೆಂದು ಬಾಗಿಲ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು.

ಬೆಳಿಗ್ಗೆ ಚಟಾಕು ಸಕಾಲದಲ್ಲಿ, ಧಾರಾಳವಾಗಿ ಸಹಕರಿಸಿತು. ಪಥ್ಯ ಶುರುವಾಗಿ ಒಂದೇ ದಿನ, ಹಾಲಿನ ಪ್ರಭಾವ ಇನ್ನೂ ಇಳಿದಿರಲಿಲ್ಲ. ನಾನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಇಂಥದ್ದನ್ನು ಅಡುಗೆಮನೆಯ ಹತ್ತಿರ ಇಡುವುದುಂಟೇ ಎಂದು ಅದೇ ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ಹೋದೆ. "ಬರ್ತೀನಿ ಕಣೇ!" ಎಂಬ ಕೂಗು ಕೇಳಿಸಿತು, ಬಾಗಿಲು ಹಾಕಿದ ಸದ್ದಾಯಿತು. ನಾನು ಬಂದಾಗ ಕಟ್ಟೆಯ ಮೇಲೆ ಒಂದು ಡಬ್ಬಿಯಿತ್ತು. ಅದನ್ನೂ ಚಟಾಕುವಿನ ಬುಟ್ಟಿಯನ್ನೂ ಎತ್ತಿಕೊಂಡು ನಡೆದೆ.

ಡಾಕ್ಟರಮ್ಮ ಡಬ್ಬಿ ತೆರೆದು, ಕಡ್ಡಿಯಲ್ಲಿ ಅದ್ದಿ, ಗಾಜಿನ ಚೂರಿನ ಮೇಲೆ ಸವರಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಆಮೇಲೆ ಚಟಾಕುವನ್ನು ನೋಡಿದರು.

"ಹುಳು ಇಲ್ಲ. ಹುಳುವಿನ ಮೊಟ್ಟೆನೂ ಇಲ್ಲ."

"ದೇವರು ದೊಡ್ಡವನು!"

"ಇರಿ. ತಿಂದದ್ದರ ಗುರುತೂ ಇಲ್ಲ. ವಾಸನೆನೂ ನಾವು ಅಂದ್ಕೊಂಡಿದ್ದಲ್ಲ." ಡಾಕ್ಟರಮ್ಮ ಕಡ್ಡಿಯನ್ನು ಎತ್ತಲು ಹೋದರು. ಗಾಜೂ ಅದರ ಜೊತೆಗೇ ಎದ್ದು ಬಂತು. "ಒಣಗ್ತಾ ಒಣಗ್ತಾ ಹೊಳಪು ಬರ್ತಿದೆ. ಒರೆಸಿದ್ರೆ ಹೋಗ್ತಿಲ್ಲ. ಅಮ್ಮಾ, ಇಷ್ಟು ವರ್ಷದಲ್ಲಿ ಬಿಸಿಲು ಮಳೆಗೆ ಬಾಳಿಕೆ ಬರೋಂಥ ಮಾದರಿ ನಾನು ನೋಡಿದ್ದು ಇದೇ ಮೊದಲು!"

ನನ್ನ ಎದೆ ಧಸಕ್ಕೆಂದಿತು. ಇಲ್ಲಿರುವುದು ಬಣ್ಣವಾದರೆ, ಅಲ್ಲಿರುವುದು?

ಫೋನು ಮಾಡಿದೆ. ಕೈಯಲ್ಲಿ ಕುಂಚವಿದ್ದರೆ ನಮ್ಮನೆಯವರು ಲೋಕ ಮುಳುಗಿದರೂ ಫೋನು ಎತ್ತುವವರಲ್ಲ. ಬುಟ್ಟಿಯನ್ನು ಅವುಚಿಕೊಂಡು ಓಡಿದೆ. "ದೇವರೇ, ಇಂಥ ವಿಷಯಕ್ಕೆ ನಿನ್ನನ್ನ ಕರೀಬಹುದೋ ಇಲ್ವೋ ಗೊತ್ತಿಲ್ಲ, ಅವರು ಮುಚ್ಚಳ ತೆಗೆಯೋಷ್ಟರಲ್ಲಿ ನನ್ನನ್ನ ತಲುಪಿಸು" ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಬುಟ್ಟಿಯೊಳಗಿಂದ ಚಟಾಕು ಪ್ರತಿ ಹೆಜ್ಜೆಗೂ "ಮಿಯಾಂವ್" ಎಂದು ದನಿಗೂಡಿಸಿತು.

ದೇವರು ನನ್ನನ್ನು ತಲುಪಿಸಿದ. ಸ್ವಲ್ಪ ತಡವಾಗಿ.

ಬಾಗಿಲು ತೆರೆದೇ ಇತ್ತು. ನಮ್ಮನೆಯವರು ಕುಂಚ ಹಿಡಿದು ಗೋಡೆಯ ಪಕ್ಕ ವಿನಯದಿಂದ ನಿಂತಿದ್ದರು. ಗೋಡೆಯ ಮೇಲೆ ಅಂಗೈಯಗಲ, ಕಂದು, ಹಸಿ ಹಸಿ. ಮೇಡಂ ಅದರ ಮುಂದೆ ಶಾಲು ಹೊದ್ದು, ಕರವಸ್ತ್ರವನ್ನು ಕೆಂಪು ಮೂಗಿಗೆ ಒತ್ತಿಕೊಂಡು ನಿಂತಿದ್ದರು. ಭಾರೀ ನೆಗಡಿ! ಇವರ ಮೂಗು ನಿವೃತ್ತ, ಅವರ ಮೂಗು ರಜೆಯಲ್ಲಿ. ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಮೂಗೆಂದರೆ ನನ್ನದೊಂದೇ.

"ಇದೇ!" ಎಂದರು ಮೇಡಂ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ. "ಇದೇ ಕಣಪ್ಪಾ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

"ನಿನ್ನೆ ಕೂತು ಬೆರೆಸಿದ್ದು ಮೇಡಂ" ಎಂದು ನಮ್ಮನೆಯವರು ತಲೆಬಾಗಿದರು. "ತುಂಬಾ ಕಷ್ಟಪಟ್ಟು."

ಕಷ್ಟಪಟ್ಟವರು ನನ್ನ ಬುಟ್ಟಿಯೊಳಗೆ ಕೂತು ಕಾಲು ನೆಕ್ಕಿಕೊಳ್ಳುತ್ತಿದ್ದರು.

"ರೀ" ಎಂದೆ ಮೆಲ್ಲಗೆ. "ಇಲ್ಲಿ ಬನ್ನಿ ಸ್ವಲ್ಪ."

"ಆಮೇಲೆ."

"ಆಮೇಲಲ್ಲ. ಈಗ."

ಹತ್ತಿರ ಬಂದವರ ಕಿವಿಯಲ್ಲಿ ಉಸುರಿದೆ. ಅವರ ಮುಖವನ್ನು ನಾನು ಮದುವೆಯಾದಂದಿನಿಂದ ನೋಡಿದ್ದೇನೆ, ಆದರೆ ಅಷ್ಟು ಬಣ್ಣಗಳನ್ನು ಅದರಲ್ಲಿ ಒಟ್ಟಿಗೆ ಕಂಡಿರಲಿಲ್ಲ. ಮೊದಲು ಬಿಳಿ, ಆಮೇಲೆ ತಿಳಿಹಳದಿ, ಬೂದಿ, ಕೊನೆಗೆ ಇಟ್ಟಿಗೆಗೆಂಪು. ಅಂಗಡಿಯ ಬಣ್ಣದ ಪಟ್ಟಿಯನ್ನೇ ಒಂದು ತುದಿಯಿಂದ ಇನ್ನೊಂದು ತುದಿಗೆ ಓದಿದಂತಾಯಿತು.

"ಮೇಡಂ, ಇದು... ಇದು ಪರೀಕ್ಷೆಗೆ ಬಳಿದದ್ದು" ಎಂದು ತೊದಲಿದರು. "ಒರೆಸಿಬಿಡ್ತೀನಿ."

"ಮುಟ್ಟು ನೋಡೋಣ! ಕೈ ಮೇಲೆ ಬೀಳುತ್ತೆ!" ಎಂದು ಮೇಡಂ ಗದರಿದ ರೀತಿಗೆ ನಾನೂ ಅಪ್ರಯತ್ನವಾಗಿ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. "ಏನು ಇದರ ಹೆಸರು?"

"ಚಟಾಕು" ಎಂದುಬಿಟ್ಟೆ ನಾನು, ಗಾಬರಿಯಲ್ಲಿ.

"ಚಟಾಕು ಕಂದು! ಹೊಸದಾಗಿದೆ. ಇಡೀ ಕೋಣೆಗೆ ಇದೇ ಇರಲಿ."

ಇಡೀ ಕೋಣೆಗೆ! ನಾನು ಬುಟ್ಟಿಯನ್ನು ನೋಡಿದೆ. ಅಷ್ಟು ಸಣ್ಣ ಮರಿ, ಅಷ್ಟು ದೊಡ್ಡ ಗೋಡೆ!

"ಆಗ್ಲಿ ಮೇಡಂ" ಎಂದು ನಮ್ಮನೆಯವರು ಬೆವರೊರೆಸಿಕೊಂಡರು. "ಆದ್ರೆ ಇದು ಇನ್ನೂ ಸ್ವಲ್ಪ ತೆಳು. ಅಂಗಡಿಗೆ ಹೋಗಿ ಗಟ್ಟಿ ಮಾಡ್ಕೊಂಡು ಈಗ ಬಂದೆ."

ಬೀದಿಗೆ ಬಂದ ಕೂಡಲೇ ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. "ಕೈ ಹಿಡ್ಕೊಂಡು ಕರ್ಕೊಂಡು ಹೋಗು. ಆ ಬಣ್ಣ ಕಣ್ಣಲ್ಲೇ ಇದೆ. ಬೇರೇನಾದ್ರೂ ನೋಡಿದ್ರೆ ಅಳಿಸಿ ಹೋಗುತ್ತೆ."

ಒಂದು ಕೈಯಲ್ಲಿ ಗಂಡ, ಇನ್ನೊಂದು ಕೈಯಲ್ಲಿ ಬೆಕ್ಕು. ಹೀಗೆ ನಾನು ಆ ಬೀದಿಯುದ್ದಕ್ಕೂ ಮೆರವಣಿಗೆ ಹೋದೆ. ಎದುರಿಗೆ ಬಂದವರೊಬ್ಬರು ಮರುಕದಿಂದ ನಿಂತು, "ಯಾವಾಗಿಂದ ಹೀಗಾಯ್ತು ಪಾಪ?" ಎಂದು ಕೇಳಿದರು. "ಈಗ ತಾನೇ!" ಎಂದು ಗಂಡನೇ ಕಣ್ಮುಚ್ಚಿಕೊಂಡೇ ಉತ್ತರಿಸಿದರು.

ಅವರು ಬಣ್ಣ ಬೆರೆಸಿ, ಮೇಡಂ ಊಟಕ್ಕೆ ಒಳಗೆ ಹೋದ ಹೊತ್ತಿನಲ್ಲಿ ಗೋಡೆಯನ್ನು ಸೋಪುನೀರಲ್ಲಿ ತಿಕ್ಕಿ ತಿಕ್ಕಿ ತೊಳೆದು, ಅದೇ ಜಾಗದಲ್ಲಿ ಹೊಸದನ್ನು ಬಳಿದರಂತೆ. ಸಂಜೆ ಮನೆಗೆ ಬಂದವರು ಬೂಟನ್ನು ಮೂಲೆಗೆ ಎಸೆದು ಕುರ್ಚಿಯಲ್ಲಿ ಕುಸಿದರು.

"ಒಪ್ಲಿಲ್ಲ."

"ಏನಂದ್ರು?"

"'ಹತ್ತಿರ ಬಂದಿದೆ, ಶನಿವಾರದವರೆಗೆ ಕಾಯ್ತೀನಿ. ಆದ್ರೆ ಬೆಳಗಿನದ್ರಲ್ಲಿ ಜೀವ ಇತ್ತು' ಅಂತಾರೆ! ಜೀವ ಇರ್ದೇ ಏನು? ನಿನ್ನ ಡಾಕ್ಟರಮ್ಮನ್ನ ಕರೆಸಿದ್ರೆ ಎಷ್ಟು ಜೀವ ಇತ್ತು ಅಂತ ಎಣಿಸಿ ಹೇಳ್ತಿದ್ರು!"

ಅತ್ತೆ ನಕ್ಕು ನಕ್ಕು ಕೆಮ್ಮು ಬಂದು ಒಳಗೆ ಹೋದರು. ನಾನು ನಗಲಿಲ್ಲ. ಗಂಡನ ಮಾನ ಹೋಗುತ್ತಿರುವಾಗ ಹೆಂಡತಿ ನಗಬಾರದು, ಗೋಡೆಯ ಕಡೆ ತಿರುಗಿಕೊಳ್ಳಬೇಕು. ತಿರುಗಿಕೊಂಡೆ.

ಮಾರನೆಯ ದಿನ ಸರಿಯಾದ ಮಾದರಿಯನ್ನು ಗಾಜಿನ ಸೀಸೆಯಲ್ಲಿ ಹಾಕಿ, ಎಲ್ಲೂ ಕೆಳಗಿಡದೆ, ಕೈಯಲ್ಲೇ ಹಿಡಿದು ಡಾಕ್ಟರಮ್ಮನಿಗೆ ತಲುಪಿಸಿದೆ. "ಹುಳು ಇಲ್ಲ. ರೋಗ ಮರಿಯದಲ್ಲ, ಬಟ್ಟಲು ತುಂಬಿಸೋ ಕೈಯದು. ಪಥ್ಯ ಮುಂದುವರಿಸಿ" ಎಂದರು. ಮುಂದುವರಿಸಿದೆ. ಚಟಾಕುವಿನ ಹೊಟ್ಟೆಗೆ ಕಿವಿಯಿಟ್ಟು ಆಲಿಸಿದರೆ ಮೊದಲು ಕೇಳುತ್ತಿದ್ದ ಗುಡುಗು ಈಗ ಗೊಣಗಾಟಕ್ಕೆ ಇಳಿದಿತ್ತು.

ಆದರೆ ಅದು ಚೇತರಿಸಿಕೊಂಡಷ್ಟೂ ನಮ್ಮನೆಯವರು ಕಳೆಗುಂದತೊಡಗಿದರು. ಒಂದು ಸಂಜೆ ಅವರು ಮರಿಯ ಶೌಚಕ್ಕೆಂದು ಇಟ್ಟಿದ್ದ ಮರಳಿನ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಟಾಕುವಿನ ತಲೆ ಸವರುತ್ತಾ, ಬೆಣ್ಣೆಯಂಥ ದನಿಯಲ್ಲಿ ಮಾತಾಡುತ್ತಿದ್ದುದನ್ನು ಕಂಡೆ.

"ಏನ್ರೀ ಅದು ಕೈಯಲ್ಲಿ?"

ಬೆಚ್ಚಿದರು. "ನೀರು."

"ಬೆಳ್ಳಗಿದೆ."

"ಬಿಳೀ ನೀರು."

"ರೀ!"

"ಒಂದೇ ಒಂದ್ಸಲ ಕಣೇ. ಒಂದು ಗುಟುಕು. ಆ ಬಣ್ಣ ಇನ್ನೊಂದ್ಸಲ ಕಣ್ಣಿಗೆ ಬಿದ್ರೆ ಸಾಕು, ಹಿಡಿದುಬಿಡ್ತೀನಿ."

"ಗಟ್ಟಿಯಾಗ್ಲಿ ಅಂದವರು ನೀವು. ಈಗ ನೀರಾಗ್ಲಿ ಅನ್ನೋರೂ ನೀವೇ!"

"ಬಣ್ಣ ಸಿಗ್ಲಿಲ್ಲ ಅಂದ್ರೆ ಅಂಗಡೀಲಿ ನನ್ನ ಮಾನ ಹೋಗುತ್ತೆ."

"ಹಾಲು ಕುಡಿದ್ರೆ ಇದರ ಪ್ರಾಣ ಹೋಗುತ್ತೆ."

ಬೆಕ್ಕಿನ ಮುಂದೆ ಹಾಲಿನ ಬಟ್ಟಲು ಹಿಡಿದು ಇಬ್ಬರು ದೊಡ್ಡವರು ಜಗ್ಗಾಡುತ್ತಿದ್ದರೆ, ಚಟಾಕು ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡುತ್ತಾ ನಡುವೆ ಕೂತಿತ್ತು. ಕೊನೆಗೆ ಅವರೇ ಬಟ್ಟಲು ಎತ್ತಿ, ಸಿಟ್ಟಿನಲ್ಲಿ, ಕಣ್ಣು ಮುಚ್ಚಿಕೊಂಡು, ತಾವೇ ಗಟಗಟ ಕುಡಿದು ಎದ್ದು ಹೋದರು. ಬೆಕ್ಕು ಹಾಗೆ ಕುಡಿಯುವುದನ್ನು ಗಾದೆಯಲ್ಲಿ ಕೇಳಿದ್ದೆ, ಗಂಡ ಕುಡಿದದ್ದನ್ನು ಅಂದೇ ನೋಡಿದ್ದು.

ನನಗೆ ಸಂಕಟವಾಯಿತು. ಡಬ್ಬಿಯನ್ನು ಆ ಕಟ್ಟೆಯ ಮೇಲಿಟ್ಟವಳು ನಾನಲ್ಲವೇ? ಸುಳ್ಳು ಗೋಡೆಯ ಮೇಲಿದ್ದರೂ ಸುಳ್ಳೇ, ಸೋಪು ಹಾಕಿ ತೊಳೆದರೂ ಸುಳ್ಳೇ. ದೇವರ ಮುಂದೆ ಕೈ ಮುಗಿದೆ. ಮೇಡಂಗೆ ನಿಜ ಹೇಳಿಬಿಡುವುದೆಂದು ನಿರ್ಧರಿಸಿ ಹೊರಟೆ.

"ಬಾಮ್ಮಾ, ಕೂತ್ಕೋ" ಎಂದರು ಮೇಡಂ. ಕೂತೆ. "ಮೇಡಂ, ನಿಮಗೊಂದು ವಿಷಯ..." ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಶುರು ಮಾಡಿದರು. ನನ್ನ ಮುಖದಲ್ಲಿ ಅದೇನಿದೆಯೋ, ನನ್ನೆದುರು ಕೂತವರೆಲ್ಲ ಮಾತಾಡತೊಡಗುತ್ತಾರೆ. ನಡುವೆ ತಡೆಯಲು ನನಗೂ ಮನಸ್ಸು ಬರುವುದಿಲ್ಲ. ಮಂಡಿನೋವು, ಮಗಳು, ನೆಗಡಿಗೆ ಮಾಡಿದ ಔಷಧಿ, ಎಲ್ಲ ಮುಗಿದು ಮಾತು ಅವರು ಕೆಲಸಕ್ಕೆ ಸೇರಿದ ಮೊದಲ ಶಾಲೆಗೆ ಬಂತು. ಅಲ್ಲಿ ಒಂದೇ ಕೋಣೆ. ಮಕ್ಕಳಿಗೆಲ್ಲ ಒಂದೇ ಉದ್ದನೆಯ ಮೇಜು.

"ಎಷ್ಟು ಮಕ್ಕಳ ಕೈ ಅದರ ಮೇಲೆ ಸವೆದಿತ್ತೋ ಏನೋ" ಎಂದರು ಮೇಡಂ. "ಮಸಿ ಚೆಲ್ಲಿದ್ದು, ಎಣ್ಣೆ ಕೈ ಒರೆಸಿದ್ದು. ಬಿಸಿಲು ಬಿದ್ರೆ ಒಳಗಿಂದ ಕೆಂಪಗೆ ಬೆಳಗ್ತಿತ್ತು ಆ ಮರ. ಶಾಲೆ ಕೆಡವಿದಾಗ ಅದನ್ನ ಯಾರು ಹೊತ್ಕೊಂಡು ಹೋದ್ರೋ. ಮನೇಲಿ ಒಬ್ಳೇ ಕೂತಾಗ ಆ ಬಣ್ಣ ಎದುರಿಗಿದ್ರೆ ಮಕ್ಕಳ ಗಲಾಟೆ ಕೇಳ್ಸುತ್ತೇನೋ ಅಂತ ಒಂದು ಹುಚ್ಚು ಆಸೆ."

ನನ್ನ ಕಣ್ಣು ಒದ್ದೆಯಾಗಿತ್ತು. ಆದರೂ ಬಂದ ಕೆಲಸ ಬಿಡುವಂತಿಲ್ಲವಲ್ಲ. "ಮೇಡಂ, ಆವತ್ತು ಗೋಡೆ ಮೇಲಿದ್ದದ್ದು..."

"ನನ್ನ ನೆಗಡಿ ಮಾರನೇ ದಿನವೇ ಬಿಡ್ತು ಕಣಮ್ಮಾ" ಎಂದರು ಮೇಡಂ ತಣ್ಣಗೆ. "ನಿನ್ನ ಗಂಡ ಸೋಪು ಹಾಕಿ ತಿಕ್ಕಿದ್ದಾನೆ, ಪಾಪ. ಆದ್ರೂ ಜೀವಮಾನವಿಡೀ ಒಂದನೇ ಕ್ಲಾಸಿನ ಮಕ್ಕಳನ್ನ ನೋಡ್ಕೊಂಡವಳಿಗೆ ಅಷ್ಟೂ ತಿಳಿಯಲ್ವಾ?"

ನಾನು ನೆಲ ನೋಡಿದೆ. ನೆಲ ಬಿರಿಯಲಿಲ್ಲ.

"ತಲೆ ಎತ್ತು. ಬಣ್ಣ ಚೆನ್ನಾಗಿತ್ತು, ಬಣ್ಣಕ್ಕೇನು ಪಾಪ?" ಎಂದು ಮೇಡಂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಆವತ್ತು ನಿನ್ನ ಬುಟ್ಟೀಲಿದ್ದ ಮರಿ ಹೇಗಿದೆ ಈಗ?"

ಮನೆಗೆ ಬಂದು ಆ ಮೇಜಿನ ಮಾತನ್ನೆಲ್ಲ ಒಂದಕ್ಷರ ಬಿಡದೆ ನಮ್ಮನೆಯವರಿಗೆ ಒಪ್ಪಿಸಿದೆ. ಮೇಡಂಗೆ ಎಲ್ಲ ತಿಳಿದಿದೆಯೆಂಬ ಭಾಗಕ್ಕೆ ಅವರು ತಲೆಗೆ ಕೈ ಹೊತ್ತರು. ಮಸಿ, ಎಣ್ಣೆ, ಬಿಸಿಲಿಗೆ ಒಳಗಿಂದ ಬೆಳಗುವ ಕೆಂಪು ಎಂಬ ಭಾಗಕ್ಕೆ ಕೈ ತೆಗೆದರು. "ಮೊದಲೇ ಹೇಳಬಾರದಿತ್ತೇ!" ಎನ್ನುತ್ತಾ ಅಂಗಡಿಗೆ ಓಡಿದರು. ಶನಿವಾರ ಹೊಸ ಬಣ್ಣ ಗೋಡೆಯ ಮೇಲೇರಿದಾಗ ಮೇಡಂ ಹತ್ತಿರ ಹೋಗಿ, ಒಣಗಿದ ಜಾಗದ ಮೇಲೆ ಅಂಗೈಯಿಟ್ಟು ನಿಂತರಂತೆ. ಆಮೇಲೆ, "ಬಳಿ" ಎಂದರಂತೆ.

ಭಾನುವಾರ ಬಂತು.

ಬೆಳಿಗ್ಗೆ ಚಟಾಕು ಗಂಭೀರವಾಗಿ ನಡೆದು ಹೋಗಿ ಮರಳಿನ ತಟ್ಟೆಯನ್ನೇರಿತು. ನಾವು ಮೂವರೂ ಉಸಿರು ಬಿಗಿಹಿಡಿದು ಸುತ್ತ ನಿಂತೆವು. ಇಷ್ಟು ಜನರ ನಡುವೆ ಯಾರಿಗಾದರೂ ಕಷ್ಟವೇ, ಆದರೂ ಅದು ಧೃತಿಗೆಡಲಿಲ್ಲ. ಮುಗಿಸಿ, ಮರಳೆಳೆದು ಮುಚ್ಚಲು ನೋಡಿತು.

"ಮುಚ್ಬೇಡ್ವೋ, ನೋಡ್ಬೇಕು!" ಎಂದು ಅತ್ತೆ ಬಗ್ಗಿದರು. ಅವರ ಮುಖ ಅರಳಿತು. "ಗೋಲಿ ಇದ್ದ ಹಾಗಿದೆ ಕಣೇ!"

ಗೋಲಿ! ನನಗೆ ರೋಮಾಂಚನವಾಯಿತು. ಅದೇ ಸೌಟನ್ನು ಮತ್ತೆ ಕೈಗೆತ್ತಿಕೊಂಡೆ. "ನೋಡಿದ್ರಾ? ಊಟ ಬಲ್ಲವನಿಗೆ ರೋಗ ಇಲ್ಲ ಅಂತಾರೆ. ಊಟ ಬಡಿಸೋಳು ಬಲ್ಲವಳಾಗಿದ್ರೆ ಬೆಕ್ಕಿಗೂ ಇಲ್ಲ! ಕೈಗುಣ ಅಂದ್ರೆ ಇದು! ಇನ್ನು ಡಾಕ್ಟರಮ್ಮ ಹೇಳಿದ ಹಾಗೆ ನಿಧಾನವಾಗಿ ಮರಿಗಳ ಆಹಾರಕ್ಕೆ ಬದಲಾಯಿಸ್ತೀನಿ. ಉಪ್ಪು ಖಾರ ಇಲ್ದೆ ಬೇಯಿಸೋ ಈ ಶಿಕ್ಷೆ ಮುಗೀತು!"

ಚಪ್ಪಾಳೆ ನಿರೀಕ್ಷಿಸಿದ್ದೆ. ನಮ್ಮನೆಯವರ ಮುಖ ಇಳಿದುಹೋಗಿತ್ತು.

"ಮುಗೀತಾ?" ಎಂದರು. "ಹಾಗೆ ದಿಢೀರಂತ ನಿಲ್ಲಿಸ್ಬಾರದಲ್ವಾ? ಇನ್ನೊಂದಾರು ತಿಂಗಳಾದ್ರೂ..."

"ಆರು ತಿಂಗಳಾ? ಬೆಕ್ಕಿಗಾ?"

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. "ಬಟ್ಟಲು ಖಾಲಿ ಮಾಡ್ತಿದ್ದದ್ದು ಅದೊಂದೇ ಅಂದ್ಕೊಂಡಿದೀಯಾ ನೀನು? ಚಟಾಕಿನಷ್ಟಿರೋ ಮರಿ ಅಷ್ಟು ತಿನ್ನುತ್ತೇನಮ್ಮಾ? ದಿನಾ ನೀನು ಸ್ನಾನಕ್ಕೆ ಹೋಗೋದೇ ತಡ, ನಿನ್ನ ಗಂಡ ಚಮಚ ಹಿಡ್ಕೊಂಡು ಫ್ರಿಜ್ಜಿನ ಮುಂದೆ ಹಾಜರು!"

ನಾನು ಗಂಡನ ಕಡೆ ತಿರುಗಿದೆ. ಅವರು ಬಗ್ಗಿ ಚಟಾಕುವನ್ನು ಎತ್ತಿ, ಎರಡೂ ಕೈಯಲ್ಲಿ ಎದೆಗವುಚಿಕೊಂಡರು.

"ಎಷ್ಟು ವರ್ಷ ಆಗಿತ್ತೋ ಹೊಟ್ಟೆ ಹೀಗೆ ತಣ್ಣಗಿದ್ದು" ಎಂದರು ಮೆಲ್ಲಗೆ.

"ಓಹೋ! ಹಾಗಾದ್ರೆ ಸೋಮವಾರದ ಗೋದಾಮು?"

"ಯಾರು, ಚಟಾಕುನಾ? ಇದು ಎಲ್ಲಿಗೂ ಹೋಗಲ್ಲ" ಎಂದರು ನಮ್ಮನೆಯವರು. "ಇದು ಹೋದ್ರೆ ನಾನು ನಾಳೆಯಿಂದ ಮತ್ತೆ ನಿನ್ನ ಅಡುಗೆ ತಿನ್ನಬೇಕಲ್ಲೇ!"